ದೊಡ್ಡಪ್ಪನ ತೂಕ

ಜೂನ್ ೨, ಮಂಗಳವಾರ

ಈ ದಿನಚರಿ ರದ್ದಿಯಲ್ಲಿ ಬಂದದ್ದು. ಯಾವುದೋ ವಿಮಾ ಕಂಪನಿ ಪುಕ್ಕಟೆ ಹಂಚಿದ್ದು. ಆರು ವರ್ಷ ಹಳೆಯದಾದರೂ ಒಳಗೆ ಒಂದಕ್ಷರ ಬಿದ್ದಿಲ್ಲ. ಅಚ್ಚಾದ ವಾರಗಳನ್ನು ಹೊಡೆದುಹಾಕಿ ಈ ವರ್ಷದ್ದನ್ನು ಬರೆದುಕೊಳ್ಳುತ್ತೇನೆ. ಅತ್ತೆ ಇದನ್ನು ಅಂಗೈಯಲ್ಲಿ ಒಮ್ಮೆ ಎತ್ತಿ ನೋಡಿ, "ಆರುನೂರು ಗ್ರಾಂ. ಇಟ್ಕೋ ಹೋಗು, ನಿನ್ನ ಭಾಷಣಕ್ಕೆ ಜಾಗ ಆಗತ್ತೆ" ಅಂದರು. ತೂಗಿದರೆ ಆರುನೂರೇ. ಇಪ್ಪತ್ತಾರು ವರ್ಷ ಹಳೆ ಪೇಪರ್ ಕೊಂಡು ಮಾರಿದ ಕೈ ಅದು, ತಪ್ಪುವುದಿಲ್ಲ.

ಬರೆಯಲು ಕೂತದ್ದಕ್ಕೆ ಕಾರಣ ಕೋಪ.

ಅತ್ತೆ ಬೆಳಿಗ್ಗೆ ಹತ್ತಕ್ಕೆ "ಒಂದು ಗಂಟೇಲಿ ಬಂದೆ" ಎಂದು ಹೋದವರು ಬಂದದ್ದು ಮಧ್ಯಾಹ್ನ ಎರಡಕ್ಕೆ. ಹೋದದ್ದು ಮುಖ್ಯರಸ್ತೆಯಲ್ಲಿ ಹೊಸದಾಗಿ ತೆರೆದ ತೂಕ ಇಳಿಸುವ ಕೇಂದ್ರಕ್ಕೆ. ರದ್ದಿಯ ನಡುವೆ ಅವರ ಚೀಟಿಯೊಂದು ಸಿಕ್ಕಿತ್ತು: ‘ಉಚಿತ ದೇಹ ತಪಾಸಣೆ’. ಹೋಗುವಾಗ ಚೀಲದಲ್ಲಿ ಮೂವತ್ತಾರು ಸಾವಿರ ಇತ್ತು. ಅಲ್ಲಿಂದ ನೇರವಾಗಿ ಹೊಸ ತಕ್ಕಡಿಗೆ ಹಣ ಕಟ್ಟಲು ಹೋಗಬೇಕಿತ್ತು. ಬರುವಾಗ ಚೀಲದಲ್ಲಿ ಒಂದು ರಸೀದಿ, ಒಂದು ಗುಲಾಬಿ ಬಣ್ಣದ ಕಾರ್ಡು, ಎರಡು ಸೌತೆಕಾಯಿ.

ಹೊಸ ತಕ್ಕಡಿ ಇಲ್ಲದಿದ್ದರೆ ಅಂಗಡಿಯೇ ಇಲ್ಲ. ಅಳತೆ ಇಲಾಖೆಯ ಅಧಿಕಾರಿ ಕಳೆದ ತಿಂಗಳು ಬಂದು, ನಮ್ಮ ತೂಗುತಕ್ಕಡಿಯ ದಂಡ ಸವೆದಿದೆ, ಒಂದು ತಟ್ಟೆ ವಾಲುತ್ತದೆ ಎಂದು ಬಾಗಿಲಿಗೆ ನೋಟಿಸು ಅಂಟಿಸಿದ್ದಾರೆ. ಈ ತಿಂಗಳ ಮೂವತ್ತರೊಳಗೆ ಎಲೆಕ್ಟ್ರಾನಿಕ್ ತಕ್ಕಡಿ ತರಬೇಕು, ಇಲ್ಲವಾದರೆ ಬೀಗ. ತೂಕದ ಕಲ್ಲುಗಳ ಮೇಲೆ ಮಾತ್ರ ಅವರಿಗೂ ದೂರಿಲ್ಲ. ಅವಕ್ಕೆ ಇಲಾಖೆಯದೇ ಮುದ್ರೆಯಿದೆ. ಅತ್ತೆ ಅವಕ್ಕೆಲ್ಲ ಹೆಸರಿಟ್ಟಿದ್ದಾರೆ. ಐದು ಕಿಲೋದ್ದು ಸೊಸೆ, ಹತ್ತರದ್ದು ಚಿಕ್ಕಪ್ಪ, ಇಪ್ಪತ್ತರದ್ದು ದೊಡ್ಡಪ್ಪ.

ಮಾವ ದಿನಕ್ಕೆ ಹತ್ತು ಮಾತು ಆಡುವವರಲ್ಲ. ರಸೀದಿಯನ್ನು ಎರಡು ಸಲ ಓದಿ, "ಸೌತೆಕಾಯಿಗೆಷ್ಟು?" ಅಂದರು.

"ಅದು ಫ್ರೀ ಕಣ್ರೀ" ಅಂದರು ಅತ್ತೆ, ನೆಲ ನೋಡುತ್ತಾ.

ಜೂನ್ ೩, ಬುಧವಾರ

ನಡೆದದ್ದನ್ನು ಅತ್ತೆಯ ಬಾಯಿಂದ ಹೊರಡಿಸಲು ಎರಡು ಲೋಟ ಚಹಾ ಬೇಕಾಯಿತು.

ಮಹಡಿಯ ಮೇಲೆ ಒಂದು ಪುಟ್ಟ ಕೋಣೆ, ಅದಕ್ಕೆ ‘ಆಪ್ತ ಸಲಹಾ ಕೊಠಡಿ’ ಎಂದು ಹೆಸರು. ಅದರಲ್ಲಿ ಒಬ್ಬ ಹೆಂಗಸು. ದನಿ ಎಷ್ಟು ಸಿಹಿಯೆಂದರೆ ಅತ್ತೆ ಅವಳನ್ನು ‘ಸಕ್ಕರೆ ಮೇಡಂ’ ಎಂದೇ ಕರೆಯುತ್ತಿದ್ದಾರೆ. ಅವಳು ಬಾಗಿಲು ಹಾಕಿದಳು. ನೀರು ಕೊಟ್ಟಳು. ತಕ್ಕಡಿ ಹತ್ತಿಸಿದಳು. ಎಂಬತ್ತೆರಡು ಕಿಲೋ. "ನಿಮ್ಮನ್ನ ನೋಡಿದ್ರೆ ನಮ್ಮಮ್ಮ ನೆನಪಾಗ್ತಾರೆ" ಎಂದು ಕಣ್ಣೊರೆಸಿಕೊಂಡಳು.

"ಅವಳು ಅತ್ತಳು ಕಣೇ! ಅಷ್ಟು ಅತ್ತ ಮೇಲೆ ಸುಮ್ನೆ ಎದ್ದು ಬರಕ್ಕಾಗತ್ತಾ?"

ಇಳಿಸುವ ದರ ಕಿಲೋಗೆ ಐದು ಸಾವಿರ. ಆದರೆ ಅವತ್ತು ಮಧ್ಯಾಹ್ನ ಒಂದು ಗಂಟೆಯೊಳಗೆ ಸೇರಿದರೆ ಮೂರೇ ಸಾವಿರ. ಹತ್ತು ನಿಮಿಷಕ್ಕೊಮ್ಮೆ ಯಾರೋ ಬಾಗಿಲಲ್ಲಿ ಇಣುಕಿ, "ಮೇಡಂ, ಇವತ್ತಿಂದು ಒಂದೇ ಜಾಗ ಉಳಿದಿರೋದು" ಅನ್ನುತ್ತಿದ್ದರಂತೆ. ಹನ್ನೊಂದಕ್ಕೂ ಒಂದೇ ಉಳಿದಿತ್ತು, ಹನ್ನೆರಡೂವರೆಗೂ ಒಂದೇ. ಅತ್ತೆ ಹನ್ನೆರಡು ಕಿಲೋ ಇಳಿಸಲು ಹನ್ನೆರಡು ಐವತ್ತೈದಕ್ಕೆ ಸಹಿ ಹಾಕಿದರು.

ಇದು ಶೋಷಣೆ. ಕಣ್ಣೀರನ್ನು ಬಂಡವಾಳ ಮಾಡಿಕೊಂಡ ಶೋಷಣೆ! ನನ್ನ ಬಳಿ ‘ಗ್ರಾಹಕರ ಹೋರಾಟಕ್ಕೆ ಹತ್ತು ಹೆಜ್ಜೆ’ ಎಂಬ ಕಿರುಹೊತ್ತಿಗೆಯಿದೆ. ನಾನು ಓದಿದ್ದೆಲ್ಲ ನಮ್ಮ ರದ್ದಿಯಲ್ಲೇ ಸಿಕ್ಕಿದ್ದು, ಹಾಗಾಗಿ ಇದರಲ್ಲೂ ಏಳನೆಯ ಹೆಜ್ಜೆಯವರೆಗೆ ಮಾತ್ರ ಇದೆ, ಮಿಕ್ಕಿದ್ದು ಹರಿದುಹೋಗಿದೆ. ಏಳು ಸಾಕು. ಸತ್ಯ ನಮ್ಮ ಕಡೆ ಇರುವಾಗ ಹತ್ತು ಹೆಜ್ಜೆ ಯಾತಕ್ಕೆ?

ಜೂನ್ ೪, ಗುರುವಾರ

ಮೊದಲ ಹೆಜ್ಜೆ: ರಸೀದಿಯನ್ನು ಜೋಪಾನ ಮಾಡು. ಮಾಡಿದೆ. ಎರಡನೆಯದು: ನೇರವಾಗಿ ಹೋಗಿ ಕೇಳು. ಅತ್ತೆಯನ್ನು ಕರೆದುಕೊಂಡು ಹೋದೆ.

ಸಕ್ಕರೆ ಮೇಡಂ ನನಗೂ ನೀರು ಕೊಟ್ಟಳು. ನಾನು ಕುಡಿಯಲಿಲ್ಲ. ಕಾರ್ಡಿನ ಹಿಂಬದಿ ತಿರುಗಿಸಿ, ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಬೆರಳಿಟ್ಟು ತೋರಿಸಿದಳು. ಹಣ ವಾಪಸು ಕೇಳುವ ಅರ್ಜಿಯನ್ನು ಕೊಡುವುದೇ ಏಳು ದಿನ ಹಾಜರಾದವರಿಗೆ.

"ಇದನ್ನ ಮೊದ್ಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ನಾವೇನು ಮುಚ್ಚಿಟ್ಟಿಲ್ವಲ್ಲಮ್ಮ, ಇಲ್ಲೇ ಅಚ್ಚಾಗಿದೆ. ಅವರು ಕೇಳಲಿಲ್ಲ."

ಅವರು ಕೇಳಲಿಲ್ಲ! ಈ ಎರಡು ಪದಗಳ ಮೇಲೆ ಒಂದು ಕರಪತ್ರವನ್ನೇ ಬರೆಯಬಹುದು. ಬಾಯಿಬಿಟ್ಟು ಹೇಳದ ಸತ್ಯ ಸುಳ್ಳಿಗಿಂತ ಕೀಳು. ಸುಳ್ಳು ಹೇಳುವವನಿಗೆ ಕಡೇಪಕ್ಷ ಎದುರು ನಿಲ್ಲುವ ಧೈರ್ಯವಿರುತ್ತದೆ. ಕೇಳಲಿಲ್ಲ ಎನ್ನುವವರಿಗೆ ಅದೂ ಇಲ್ಲ. ನಾನು ಸಾಯುವವರೆಗೆ ಆ ಮಾತನ್ನು ಆಡಲಾರೆ. ಇದನ್ನು ಈ ಪುಟದಲ್ಲಿ ಎರಡು ಸಲ ಅಡಿಗೆರೆ ಎಳೆದು ಬರೆದಿದ್ದೇನೆ.

ನಾಳೆಯಿಂದ ಅತ್ತೆ ಏಳು ದಿನ ಅಲ್ಲಿಗೆ ಹೋಗಬೇಕು.

ಜೂನ್ ೯, ಮಂಗಳವಾರ

ಮೂರನೆಯ ಹೆಜ್ಜೆ, ಪತ್ರ. ಎಂಟು ಪುಟ ಬರೆದೆ. ಉತ್ತರವಿಲ್ಲ. ನಾಲ್ಕನೆಯದು, ನೆನಪೋಲೆ. ಅದನ್ನೂ ಕಳಿಸಿದೆ.

ಇತ್ತ ಸಂತ್ರಸ್ತೆ ಮಾತ್ರ ಖುಷಿಯಾಗಿದ್ದಾರೆ. ನೆಲಮಹಡಿಯ ಹಜಾರದಲ್ಲಿ ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ ಯಂತ್ರದಿಂದ ಗಡಗಡ ಅಲ್ಲಾಡಿಸುತ್ತಾರಂತೆ. ಪಕ್ಕದಲ್ಲಿ ಮೂವರು ಹೆಂಗಸರು, ಅವರೂ ಅಲ್ಲಾಡುತ್ತಿರುತ್ತಾರೆ.

"ನಾಲ್ಕು ಜನಾನೂ ಒಟ್ಟಿಗೆ ಮಾತಾಡ್ತೀವಿ ಕಣೇ. ಏನು ಮಾತಾಡಿದ್ರೂ ದನಿ ನಡುಗತ್ತಲ್ಲ, ಎಲ್ಲಾರೂ ಪಾಪ ಅಳ್ತಿರೋ ಹಾಗೇ ಕೇಳತ್ತೆ."

"ಅತ್ತೆ, ಅದು ಶತ್ರುವಿನ ನೆಲ."

"ಇರ್ಲಿ ಬಿಡೇ, ಫ್ಯಾನ್ ಇದೆ."

ಜೂನ್ ೧೨, ಶುಕ್ರವಾರ

ಏಳು ದಿನ ಮುಗಿಯಿತು. ನೆಲಮಹಡಿಯಲ್ಲಿರುವ ತಕ್ಕಡಿಯಲ್ಲಿ ತೂಗಿದರು. ಎಪ್ಪತ್ತೆಂಟು. "ನಾಲ್ಕು ಕಿಲೋ! ಎಲ್ಲಾರೂ ಚಪ್ಪಾಳೆ ಹೊಡೀರಿ" ಎಂದು ಸಕ್ಕರೆ ಮೇಡಂ ಕೂಗಿದಳು. ಆ ಮೂವರೂ ಅಲ್ಲಾಡುತ್ತಲೇ ಚಪ್ಪಾಳೆ ಹೊಡೆದರು.

ಆಮೇಲೆ ಲೆಕ್ಕ ಕೊಟ್ಟಳು. ನಡುವೆ ಬಿಟ್ಟು ಹೋಗುವವರಿಗೆ ರಿಯಾಯಿತಿ ಇಲ್ಲ, ಆದ್ದರಿಂದ ಇಳಿದ ನಾಲ್ಕು ಕಿಲೋಗೆ ಪೂರ್ತಿ ದರ, ಇಪ್ಪತ್ತು ಸಾವಿರ. ನೋಂದಣಿಗೆ ಎಂಟು. ಪಟ್ಟಿ, ಯಂತ್ರ, ಫ್ಯಾನಿಗೆ ಐದು. ಆಹಾರ ಸಲಹೆಗೆ ಒಂದು (ಅಂದರೆ ಸೌತೆಕಾಯಿ). ಹಣ ವಾಪಸು ಮಾಡುವ ಕೆಲಸಕ್ಕೆ ಎರಡೂವರೆ. ಒಟ್ಟು ಮೂವತ್ತಾರೂವರೆ ಸಾವಿರ. ನಾವೇ ಐನೂರು ಕೊಡಬೇಕಿತ್ತು. ಅದನ್ನು ಅವರು ಪ್ರೀತಿಯಿಂದ ಮನ್ನಾ ಮಾಡಿದರು.

ದಾರಿಯಲ್ಲಿ ನಾನು ಕುದಿಯುತ್ತಿದ್ದರೆ ಅತ್ತೆ ಮೆಲ್ಲಗೆ, "ಆದ್ರೂ ನಾಲ್ಕು ಕಿಲೋ ಇಳೀತಲ್ಲೇ" ಅಂದರು. ಸ್ವಲ್ಪ ಹೊತ್ತು ನಡೆದ ಮೇಲೆ, "ಬಟ್ಟೆ ಮಾತ್ರ ಮೊದಲಿನಷ್ಟೇ ಬಿಗಿ" ಅಂದರು.

ಹದಿನೆಂಟು ದಿನ ಉಳಿದಿದೆ.

ಜೂನ್ ೧೩, ಶನಿವಾರ

ಅತ್ತೆಯ ಜೊತೆ ಜಗಳ.

ಒಬ್ಬ ಮೇಷ್ಟರು ಮೂವತ್ತು ಕಿಲೋ ಹಳೆ ಪತ್ರಿಕೆ ತಂದರು. ಅತ್ತೆ ಎಂದಿನಂತೆ ಇಪ್ಪತ್ತೊಂಬತ್ತಕ್ಕೆ ಹಣ ಕೊಟ್ಟರು. ಒಂದು ಕಿಲೋ ‘ತೇವ’ಕ್ಕೆ ಕಳೆಯುವುದು ಈ ವ್ಯಾಪಾರದ ರೂಢಿ, ಕಾಗದ ನೀರು ಹೀರಿ ಭಾರವಾಗಿರುತ್ತದೆ ಎಂಬುದು ವಾದ. ಆದರೆ ಮೇಷ್ಟರ ಪತ್ರಿಕೆ ಹಪ್ಪಳದ ಹಾಗೆ ಒಣಗಿತ್ತು.

ಅವರು ಹೋದ ಮೇಲೆ ಕೇಳಿದೆ: "ಅತ್ತೆ, ಈ ಬಿಸಿಲಲ್ಲಿ ತೇವ ಎಲ್ಲಿಂದ ಬಂತು?"

"ಕಾಗದ ಬೆವರತ್ತೆ ಕಣೇ."

"ಹಾಗಾದ್ರೆ ನಮಗೂ ಆ ಕೇಂದ್ರಕ್ಕೂ ಏನು ವ್ಯತ್ಯಾಸ?"

ಅತ್ತೆ ಹುರಿ ಕಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ವ್ಯತ್ಯಾಸಾನಾ? ಅವರು ಸೇರಿಸ್ತಾರೆ, ನಾವು ಕಳೀತೀವಿ. ಹೋಗು, ಆ ಕಟ್ಟು ಒಳಗಿಡು."

ಮಾವ ಕೆಮ್ಮಿದರು. ಅದು ನಗುವೋ ಕೆಮ್ಮೋ ತಿಳಿಯಲಿಲ್ಲ.

ಈ ತಕ್ಕಡಿಯ ಮುಂದೆ ನಾನು ಕೂತ ದಿನ ಒಂದು ಗ್ರಾಂ ಕೂಡ ಕಳೆಯುವುದಿಲ್ಲ. ಇದನ್ನೂ ಅಡಿಗೆರೆ ಎಳೆದು ಬರೆದಿದ್ದೇನೆ. ಈ ದಿನಚರಿಯ ತುಂಬ ಅಡಿಗೆರೆಗಳೇ ಆಗಿವೆ.

ಜೂನ್ ೧೮, ಗುರುವಾರ

ಐದನೆಯ ಹೆಜ್ಜೆ: ಮೇಲಿನವರನ್ನು ಕಾಣು. ಮೇಲಿನವರು ಅಂದರೆ ಮ್ಯಾನೇಜರ್. ಅವರು ಸಿಗುವುದು ಗುರುವಾರ ಹನ್ನೊಂದರಿಂದ ಹನ್ನೆರಡರವರೆಗೆ. ಹೋದೆವು. ಅವರು ರಜೆ. ಮುಂದಿನ ಗುರುವಾರ ಬನ್ನಿ ಎಂದರು.

ಇದನ್ನು ಕೇಳಲು ಸಲಹಾ ಕೊಠಡಿಯಲ್ಲಿ ಮುಕ್ಕಾಲು ಗಂಟೆ ಕೂರಿಸಿದ್ದರು. ಮೂಲೆಯಲ್ಲಿ ಹಳೆಯ ದರಪಟ್ಟಿಗಳ ಕಟ್ಟೊಂದು ಬಿದ್ದಿತ್ತು. ಅತ್ತೆಯ ಕಣ್ಣು ಅದರ ಮೇಲೆ. ಕಸ ಗುಡಿಸುತ್ತಿದ್ದ ಅಮ್ಮನನ್ನು ಕೇಳಿ, ಅವಳು ಸಕ್ಕರೆ ಮೇಡಂನನ್ನು ಕೇಳಿ, ಕೊನೆಗೆ ಕಿಲೋಗೆ ಹನ್ನೆರಡರಂತೆ ಮಾತಾಯಿತು. ನಮ್ಮ ಮೂವತ್ತಾರು ಸಾವಿರ ನುಂಗಿದವರ ಹತ್ತಿರ ಅತ್ತೆ ರದ್ದಿ ಕೊಳ್ಳುತ್ತಿದ್ದಾರೆ! ನಾಚಿಕೆಯಿಂದ ಕಿಟಕಿ ಕಡೆ ತಿರುಗಿದೆ.

ಅತ್ತೆ ಕಟ್ಟನ್ನು ಎತ್ತಿ ನೋಡಿ, "ಒಂಬತ್ತೂವರೆ" ಅಂದರು.

ಕೋಪಕ್ಕೋ ಕೀಟಲೆಗೋ, "ತಕ್ಕಡಿ ಇಲ್ಲೇ ಇದೆಯಲ್ಲ ಅತ್ತೆ, ನೋಡೇಬಿಡೋಣ" ಎಂದು ಕಟ್ಟನ್ನು ಅವರ ತಕ್ಕಡಿಯ ಮೇಲಿಟ್ಟೆ. ಅದು ಏನಾದರೂ ಇಡುವವರೆಗೆ ಅಂಕಿ ತೋರಿಸುವುದಿಲ್ಲ, ಇಟ್ಟ ಮೇಲೆ ಕೆಂಪಗೆ ಮಿನುಗುತ್ತದೆ. ಹದಿಮೂರೂವರೆ.

ನಾನು ನಕ್ಕುಬಿಟ್ಟೆ. "ಅತ್ತೆ, ಕೈಗೆ ವಯಸ್ಸಾಯ್ತು."

ಅತ್ತೆ ನಗಲಿಲ್ಲ. ಹದಿಮೂರೂವರೆಗೆ ಹಣ ಕೊಟ್ಟು ಕಟ್ಟನ್ನು ಹೆಗಲಿಗೇರಿಸಿದರು. ಮನೆಗೆ ಬಂದು ಊಟವೂ ಬೇಡ ಅಂದರು. ಕೇಂದ್ರದವರು ಏಳು ದಿನದಲ್ಲಿ ಮಾಡಲಾಗದ್ದನ್ನು ನಾನು ಒಂದು ನಗುವಿನಲ್ಲಿ ಮಾಡಿದೆ.

ನಗಬಾರದಿತ್ತೇನೋ.

ಜೂನ್ ೧೯, ಶುಕ್ರವಾರ

ಬೆಳಿಗ್ಗೆ ಅಂಗಡಿಗೆ ಇಳಿದರೆ ಅತ್ತೆ ಆಗಲೇ ತಕ್ಕಡಿಯ ಮುಂದೆ. ಒಂದು ತಟ್ಟೆಯಲ್ಲಿ ನಿನ್ನೆಯ ಕಟ್ಟು. ಇನ್ನೊಂದರಲ್ಲಿ ಐದು ಕಿಲೋದ ಸೊಸೆ, ಜೊತೆಗೆ ಒಂದೊಂದು ಕಿಲೋದ ನಾಲ್ಕು, ಅರ್ಧದ್ದು ಒಂದು. ವಾಲುವ ತಟ್ಟೆಗೆ ಸರಿದೂಗಿಸಲು ಎಷ್ಟು ಚೂರು ಇಡಬೇಕೋ ಅಷ್ಟು ಇಟ್ಟಿದ್ದರು. ನಮ್ಮ ತಕ್ಕಡಿ ಎಷ್ಟು ಸುಳ್ಳು ಹೇಳುತ್ತದೆ ಎಂಬುದು ಅತ್ತೆಗೆ ಗ್ರಾಂ ಲೆಕ್ಕದಲ್ಲಿ ಗೊತ್ತು.

ದಂಡ ನೆಟ್ಟಗೆ ನಿಂತಿತ್ತು. ಒಂಬತ್ತೂವರೆ.

"ಕೈಗೇನಾಗಿಲ್ಲ" ಅಂದರು ಅತ್ತೆ. "ಅವರ ತಕ್ಕಡೀಲೇ ನಾಲ್ಕು ಕಿಲೋ ಕೂತಿದೆ. ಮೇಲೆ ನಾನು ಎಂಬತ್ತೆರಡು, ಕೆಳಗೆ ಎಪ್ಪತ್ತೆಂಟು. ನಾನು ಇಳಿದದ್ದು ಮೆಟ್ಟಿಲು ಮಾತ್ರ ಕಣೇ."

ನಾನು ಬಗ್ಗಿ ಕಲ್ಲುಗಳನ್ನು ಒಂದೊಂದಾಗಿ ಎಣಿಸಿದೆ.

"ಇಪ್ಪತ್ತಾರು ವರ್ಷ ಊರಿಗೆಲ್ಲ ತೂಗಿ ಕೊಟ್ಟೆ. ನನ್ನನ್ನೇ ನಾನು ಎತ್ತಿ ನೋಡಕ್ಕಾಗತ್ತಾ? ಅದಕ್ಕೇ ಮೋಸ ಹೋದೆ." ಅತ್ತೆಯ ಕಣ್ಣು ತುಂಬಿತು. ಸೆರಗಿಗೆ ಕೈ ಹೋಗುವ ಮೊದಲೇ ನಗುವೂ ಬಂತು. "ಅಯ್ಯೋ, ಆ ಮೂರು ಜನಾನೂ ಪಾಪ ಮೆಟ್ಟಿಲೇ ಇಳಿದಿರೋದು!"

ಆಮೇಲೆ ಎರಡು ಹೊತ್ತಿನ ಊಟ ಒಟ್ಟಿಗೆ ಮಾಡಿದರು. ನಾನೇ ಬಡಿಸಿದೆ.

ಆರನೆಯ ಹೆಜ್ಜೆ: ಸಾಕ್ಷಿ ಸಂಗ್ರಹಿಸು. ಸಂಗ್ರಹಿಸಿದ್ದು ನಾನಲ್ಲ, ಅತ್ತೆ. ಅದನ್ನು ಒಪ್ಪಿಕೊಳ್ಳುತ್ತೇನೆ.

ಜೂನ್ ೨೨, ಸೋಮವಾರ

ಏಳನೆಯ ಹೆಜ್ಜೆ, ಇಲಾಖೆಗೆ ದೂರು. ನಮಗೆ ಗೊತ್ತಿರುವ ಇಲಾಖೆ ಒಂದೇ, ನಮ್ಮ ಬಾಗಿಲಿಗೆ ನೋಟಿಸು ಅಂಟಿಸಿದ್ದು.

ಅಧಿಕಾರಿ ಅತ್ತೆಯನ್ನು ನೋಡಿದ ಕೂಡಲೇ, "ತಕ್ಕಡಿ ತಂದ್ರಾ?" ಅಂದರು.

"ಇಲ್ಲ ಸಾರ್, ಇನ್ನೊಬ್ಬರ ತಕ್ಕಡಿ ಬಗ್ಗೆ ಹೇಳಕ್ಕೆ ಬಂದ್ವಿ."

"ಚೆನ್ನಾಗಿದೆ."

ನಾನು ನಿಂತುಕೊಂಡೇ ಹತ್ತು ನಿಮಿಷ ಮಾತಾಡಿದೆ. ಅವರು ಪೆನ್ನಿನ ಮುಚ್ಚಳ ತೆಗೆಯಲೂ ಇಲ್ಲ. ನಮ್ಮ ಇಲಾಖೆಗೆ ಬರುವುದು ವ್ಯಾಪಾರದ ತಕ್ಕಡಿ ಮಾತ್ರ, ಮನುಷ್ಯರು ಹತ್ತಿ ನೋಡಿಕೊಳ್ಳುವ ತಕ್ಕಡಿ ಬರುವುದಿಲ್ಲ, ಮನುಷ್ಯರನ್ನು ಯಾರೂ ಕಿಲೋ ಲೆಕ್ಕದಲ್ಲಿ ಮಾರುವುದಿಲ್ಲ ಅಂದರು. ಮೂವತ್ತನೇ ತಾರೀಕು ಮರೆಯಬೇಡಿ ಎಂದು ಸೇರಿಸಿದರು.

ಏಳು ಹೆಜ್ಜೆಯೂ ಮುಗಿಯಿತು. ಹರಿದ ಅಂಚನ್ನು ದಿಟ್ಟಿಸುತ್ತಾ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆ. ಮಾವ ಕಟ್ಟು ಬಿಗಿಯುತ್ತಾ, "ಕಿಲೋಗೆ ಎಷ್ಟು ಅಂದ್ರು?" ಅಂದರು.

"ಮೂರು ಸಾವಿರ ಮಾವ. ಗೊತ್ತಲ್ಲ."

"ಕಿಲೋ ಲೆಕ್ಕದಲ್ಲಿ ದುಡ್ಡು ತಗೊಂಡ್ರೆ ವ್ಯಾಪಾರ ತಾನೇ? ನಾವು ಕಾಗದಕ್ಕೆ ಕೊಡ್ತೀವಿ, ಅವರು ಕೊಬ್ಬಿಗೆ ತಗೋತಾರೆ."

ಇಷ್ಟು ಹೇಳಿ ಹುರಿಯನ್ನು ಹಲ್ಲಿನಿಂದ ಕತ್ತರಿಸಿದರು. ಇಡೀ ವರ್ಷದಲ್ಲಿ ಅವರು ಆಡಿದ ಅತಿ ಉದ್ದದ ಮಾತು.

ಜೂನ್ ೨೩, ಮಂಗಳವಾರ

ರಸೀದಿಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟು ಒಂದೇ ವಾಕ್ಯ ಹೇಳಿದೆ. "ಹನ್ನೆರಡು ಕಿಲೋ, ದರ ಕಿಲೋಗೆ ಮೂರು ಸಾವಿರ, ಓದಿ ಸಾರ್."

ಓದಿದರು. ಮತ್ತೊಮ್ಮೆ ಓದಿದರು. ಪೆನ್ನಿನ ಮುಚ್ಚಳ ತೆಗೆದರು.

ದೂರು ಸ್ವೀಕರಿಸಿ ಮುದ್ರೆ ಒತ್ತಿ ನಕಲು ಕೊಟ್ಟಿದ್ದಾರೆ. ತಪಾಸಣೆಗೆ ಆರು ವಾರ. ನಮ್ಮ ಬೀಗಕ್ಕೆ ಒಂದು ವಾರ.

"ಆರು ವಾರ ಆದ್ಮೇಲೆ ನ್ಯಾಯ ಬಂದ್ರೆ ಅದನ್ನ ಇಡಕ್ಕೆ ಅಂಗಡಿ ಎಲ್ಲಿರತ್ತೆ?" ಅಂದರು ಅತ್ತೆ. ಅತ್ತೆ ಮೂಲೆಯಲ್ಲಿದ್ದ ದೊಡ್ಡಪ್ಪನನ್ನು ತುಂಬಾ ಹೊತ್ತು ನೋಡಿದರು.

ಜೂನ್ ೨೫, ಗುರುವಾರ

ಎಂಟನೆಯ ಹೆಜ್ಜೆ ಏನೆಂದು ಈಗ ಗೊತ್ತಾಯಿತು. ಅದು ಗೋಣಿಚೀಲದಲ್ಲಿತ್ತು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ನಾನೂ ಅತ್ತೆಯೂ ಚೀಲದ ಎರಡು ಕಿವಿ ಹಿಡಿದು ಮೆಟ್ಟಿಲು ಹತ್ತಿದೆವು. ಸಲಹಾ ಕೊಠಡಿಯ ಮುಂದಿನ ಬೆಂಚಿನಲ್ಲಿ ಉಚಿತ ತಪಾಸಣೆಗೆ ಐದು ಹೆಂಗಸರು ಕಾದಿದ್ದರು. ಅತ್ತೆ ಸಾಲಿನಲ್ಲಿ ಕೂತರು. ಚೀಲ ಅವರ ಪಕ್ಕ ಕೂತಿತು.

ಸಕ್ಕರೆ ಮೇಡಂ ಹೊರಗೆ ಬಂದು, "ಏನಮ್ಮಾ ಮತ್ತೆ ಬಂದ್ರಿ? ಚೀಲದಲ್ಲೇನು?" ಅಂದಳು.

"ನಮ್ಮನೆ ದೊಡ್ಡಪ್ಪ. ಫ್ರೀ ತಪಾಸಣೆ ಅಂತ ಹಾಕಿದೀರಲ್ಲ, ಕರ್ಕೊಂಡು ಬಂದೆ."

ಅವಳು ಬಾಗಿಲು ಹಾಕುವಷ್ಟರಲ್ಲಿ ನಾನು ಕಾಲು ಅಡ್ಡ ಇಟ್ಟೆ. ಅತ್ತೆ ಚೀಲ ಬಿಚ್ಚಿ, ಇಪ್ಪತ್ತು ಕಿಲೋ ಕಬ್ಬಿಣವನ್ನು ಮಗುವಿನಂತೆ ಎತ್ತಿ ತಕ್ಕಡಿಯ ಮೇಲೆ ಕೂರಿಸಿದರು. ಇಲಾಖೆಯ ಮುದ್ರೆ ಮುಂದಕ್ಕೆ ಕಾಣುವ ಹಾಗೆ ತಿರುಗಿಸಿದರು.

ಕೆಂಪಗೆ ಮಿನುಗಿತು: ಇಪ್ಪತ್ನಾಲ್ಕು.

"ಅಯ್ಯಯ್ಯೋ!" ಎಂದು ಅತ್ತೆ ಎದೆಗೆ ಕೈಯಿಟ್ಟುಕೊಂಡರು. "ಇಪ್ಪತ್ತಾರು ವರ್ಷದಿಂದ ಇಪ್ಪತ್ತೇ ಕಿಲೋ ಇದ್ದವರು! ಇಲ್ಲಿಗೆ ಬಂದ ತಕ್ಷಣ ನಾಲ್ಕು ಕಿಲೋ ಊದಿಬಿಟ್ರಲ್ಲ! ಮೇಡಂ, ಇವ್ರಿಗೆ ಯಾವ ಪ್ಯಾಕೇಜು? ಪಟ್ಟಿ ಎಲ್ಲಿ ಕಟ್ತೀರಿ, ಸೊಂಟಾನೇ ಇಲ್ವಲ್ಲ?"

ಬೆಂಚಿನ ಮೇಲಿದ್ದವರು ಎದ್ದು ಬಾಗಿಲಿಗೆ ಬಂದರು. ಅವರಲ್ಲಿ ಕನ್ನಡಕದಾಕೆ ಬಗ್ಗಿ ಮುದ್ರೆ ಓದಿದಳು. "ಇಪ್ಪತ್ತು ಅಂತ ಬರೆದಿದೆಯಲ್ಲ!"

"ಪಾಪ, ಪ್ರಾಯದಲ್ಲಿ ಬರೆಸಿದ್ದು" ಅಂದರು ಅತ್ತೆ.

ಸಕ್ಕರೆ ಮೇಡಂ ಏನನ್ನುತ್ತಾಳೆಂದು ಅತ್ತೆ ಕಾಯಲಿಲ್ಲ. ದೊಡ್ಡಪ್ಪನನ್ನು ಎತ್ತಿಕೊಂಡು ಮೆಟ್ಟಿಲಿಳಿದರು, ಹಿಂದೆ ನಾನು, ನನ್ನ ಹಿಂದೆ ಐದೂ ಜನ. ಹಜಾರದಲ್ಲಿ ಆ ಮೂವರು ಎಂದಿನಂತೆ ಅಲ್ಲಾಡುತ್ತಿದ್ದರು. ಕೆಳಗಿನ ತಕ್ಕಡಿಯ ಮೇಲೆ ದೊಡ್ಡಪ್ಪ ಕೂತರು. ಇಪ್ಪತ್ತು.

"ಒಂದೇ ನಿಮಿಷಕ್ಕೆ ನಾಲ್ಕು ಕಿಲೋ ಇಳಿದ್ರು! ಎಲ್ಲಾರೂ ಚಪ್ಪಾಳೆ ಹೊಡೀರಿ!"

ಎಂ-ಎಂ-ಎಂಟು ಜನವೂ ಹೊಡೆದರು. (ಆ ಮೂವರ ಚಪ್ಪಾಳೆ ನಡುಗುತ್ತಿತ್ತು, ಅದಕ್ಕೇ ಹಾಗೆ ಬರೆದೆ.) ಆಮೇಲೆ ಒಬ್ಬಾಕೆ ಯಂತ್ರ ನಿಲ್ಲಿಸಿದಳು. "ಅಂದ್ರೆ ನಾನೂ..." ಎಂದು ಶುರುಮಾಡಿ ವಾಕ್ಯ ಮುಗಿಸಲಿಲ್ಲ.

ಮ್ಯಾನೇಜರ್ ತಮ್ಮ ಕೋಣೆಯಿಂದ ಓಡಿಬಂದರು. "ಒಳಗೆ ಬನ್ನಿ, ಒಳಗೆ ಬನ್ನಿ" ಅಂದರು. ಅತ್ತೆ ನನ್ನ ಕಡೆ ತಿರುಗಿ, "ಹೋಗೇ ಭಾಷಣ, ನೀನು ಹೋಗು. ನಾನು ದೊಡ್ಡಪ್ಪನ್ನ ನೋಡ್ಕೋತೀನಿ" ಅಂದರು.

ನನ್ನ ಹತ್ತಿರ ಎಂಟು ಪುಟದ ಭಾಷಣ ಸಿದ್ಧವಿತ್ತು. ಒಳಗೆ ಹೋದ ಮೇಲೆ ಯಾಕೋ ಅದರ ಅಗತ್ಯ ಕಾಣಲಿಲ್ಲ. ಬಾಗಿಲು ಹಾಕಿದೆ. ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ಅವರ ಮುಂದಿಟ್ಟೆ. ಬೆವರುತ್ತಿದ್ದರು, ಕುಡಿದರು.

"ನಿಮ್ಮನ್ನ ನೋಡಿದ್ರೆ ನಮ್ಮಣ್ಣ ನೆನಪಾಗ್ತಾನೆ" ಅಂದೆ. ನನಗೆ ಅಣ್ಣನಿಲ್ಲ. "ಅದಕ್ಕೇ ನಿಮಗೆ ಒಂದು ರಿಯಾಯಿತಿ. ನಮ್ಮತ್ತೇದು ಮೂವತ್ತಾರು ಸಾವಿರ, ಜೊತೆಗೆ ಹಜಾರದಲ್ಲಿರೋ ಮೂರು ಜನ ಕಟ್ಟಿದ್ದು. ಇದು ಹನ್ನೆರಡು ಗಂಟೆವರೆಗೆ ಮಾತ್ರ. ಆಮೇಲೆ ಈ ಬೆಲೆ ಇರಲ್ಲ."

"ನೋಡಮ್ಮ, ನಮ್ಮಲ್ಲಿ ಒಂದು ಕ್ರಮ ಅಂತ ಇದೆ, ಅರ್ಜಿ..."

ಬಾಗಿಲು ತೆರೆದು ಅತ್ತೆ ಇಣುಕಿದರು. "ಹೊರಗೆ ಇನ್ನಿಬ್ಬರು ಬಂದ್ರು ಕಣೇ, ದೊಡ್ಡಪ್ಪನ್ನ ಮೇಲೆ ಕೆಳಗೆ ತೂಗಿ ತೋರಿಸಿ ಅಂತಿದಾರೆ. ತೋರಿಸ್ಲಾ?"

"ಒಂದು ನಿಮಿಷ ಇರಿ ಅತ್ತೆ. ಅಣ್ಣ ಯೋಚನೆ ಮಾಡ್ತಿದಾರೆ."

ನಾಲ್ಕು ಸಲ ಇಣುಕಿದರು. ಪ್ರತಿ ಸಲವೂ ಇಬ್ಬರು ಹೆಚ್ಚು. ನಿಜವಾಗಿ ಯಾರೂ ಬಂದಿರಲಿಲ್ಲವೆಂದು ಆಮೇಲೆ ಹೇಳಿದರು.

ಹನ್ನೊಂದು ಐವತ್ತೈದಕ್ಕೆ ಮ್ಯಾನೇಜರ್ ಬೀರು ತೆರೆದರು. ನಾಲ್ವರ ಹಣವನ್ನೂ ಎಣಿಸಿದರು. ಆಮೇಲೆ ಒಂದು ಕಾಗದ ಮುಂದಿಟ್ಟರು: ‘ಇನ್ನು ಮುಂದೆ ಯಾವ ಇಲಾಖೆಗೂ ದೂರು ಕೊಡುವುದಿಲ್ಲ.’ ಅತ್ತೆ ಬಂದು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಇಬ್ಬರೂ ಸಹಿ ಹಾಕಿದೆವು.

ಒಂದು ತಿಂಗಳ ಹಿಂದಾಗಿದ್ದರೆ ಅಂಥ ಕಾಗದವನ್ನು ಹರಿದು ಅವರ ಮುಖಕ್ಕೇ ಎಸೆಯುತ್ತಿದ್ದೆನೇನೋ. ಆದರೆ ಇದರಲ್ಲಿ ತಪ್ಪೇನಿದೆ? ಇನ್ನು ಮುಂದೆ ನಾವು ದೂರು ಕೊಡುವುದಿಲ್ಲ, ಅದು ನಿಜ. ಮುದ್ರೆ ಬಿದ್ದ ದೂರು ಮಂಗಳವಾರವೇ ಇಲಾಖೆ ಸೇರಿದೆ. ಅದರ ಬಗ್ಗೆ ಅವರು ಕೇಳಲಿಲ್ಲ.

ಬರುವಾಗ ಸಕ್ಕರೆ ಮೇಡಂ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಬಾಗಿಲ ಹಿಂದೆ ಎಲ್ಲವನ್ನೂ ಕೇಳಿಸಿಕೊಂಡಿರಬೇಕು. ಕೋಪವಿರಲಿಲ್ಲ. ನಮ್ಮ ಕಟ್ಟನ್ನು ಅತ್ತೆ ಎತ್ತಿ ನೋಡುತ್ತಾರಲ್ಲ, ಹಾಗೆ ನನ್ನನ್ನು ನೋಡುತ್ತಿದ್ದಳು. "ಇಲ್ಲಿ ತಿಂಗಳಿಗೆ ಎಷ್ಟು ಕೊಡ್ತಾರೆ ಗೊತ್ತಾ?" ಎಂದು ಪಿಸುಗುಟ್ಟಿದಳು. ನಾನು ಚೀಲದ ಕಿವಿ ಹಿಡಿದು ಹೊರಟೆ. ಎಂಥ ಅವಮಾನ!

ಜೂನ್ ೨೯, ಸೋಮವಾರ

ಹೊಸ ತಕ್ಕಡಿ ಬಂತು. ಅಧಿಕಾರಿ ಬಂದು ತಾವು ತಂದ ಕಲ್ಲುಗಳಿಂದ ಪರೀಕ್ಷಿಸಿ ಮೊಹರು ಹಾಕಿದರು. ನೋಟಿಸು ಕಿತ್ತರು, ಅತ್ತೆ ಅದನ್ನೂ ರದ್ದಿಗೆ ಹಾಕಿದರು.

ಮೊದಲು ಹತ್ತಿದ್ದು ಅತ್ತೆ. ಎಪ್ಪತ್ತೆಂಟು ಕಿಲೋ ಇನ್ನೂರು. "ಇದೇ ನಾನು" ಅಂದರು, ಬಹುದಿನದ ಮೇಲೆ ಸಿಕ್ಕ ನೆಂಟರನ್ನು ಕಂಡ ಹಾಗೆ. ಆ ಮೂವರು ಹೆಂಗಸರೂ ನೋಡಲು ಬಂದಿದ್ದರು; ಅವರೂ ಒಬ್ಬೊಬ್ಬರಾಗಿ ಹತ್ತಿ ಇಳಿದರು. ಈಗ ಅಲ್ಲಾಡದೆ ಮಾತಾಡುವುದು ಅವರಿಗೆ ಅಭ್ಯಾಸವಿಲ್ಲವಂತೆ. ದಿನಾ ಸಂಜೆ ಅಂಗಡಿಯ ಮುಂದೆ ಕೂತು ಅಭ್ಯಾಸ ಮಾಡಿಕೊಳ್ಳುತ್ತಾರಂತೆ.

ಎಲ್ಲರೂ ಹೋದ ಮೇಲೆ ಅತ್ತೆಯ ಕೈಯನ್ನು ತಕ್ಕಡಿಯ ಮೇಲಿಡಿಸಿ ಮಾತು ತೆಗೆದುಕೊಂಡೆ. ಇನ್ನು ಮೇಲೆ ತೇವ ಕಳೆಯುವಂತಿಲ್ಲ.

"ಸರಿ ಮಾರಾಯ್ತಿ. ನಾನು ಕಳೆಯಲ್ಲ."

"ಮಾವ, ನೀವು?"

ಮಾವ ಕೆಮ್ಮಿದರು. ಒಪ್ಪಿಗೆ ಎಂದು ಬರೆದುಕೊಂಡಿದ್ದೇನೆ.

ದೊಡ್ಡಪ್ಪನಿಗೆ ನಿವೃತ್ತಿ. ಬಾಗಿಲು ಗಾಳಿಗೆ ಹಾಕಿಕೊಳ್ಳದಂತೆ ಅಡ್ಡ ಕೂತಿದ್ದಾರೆ.

ಆಗಸ್ಟ್ ೬, ಗುರುವಾರ

ತುಂಬಾ ದಿನದಿಂದ ಬರೆದಿಲ್ಲ. ತಕ್ಕಡಿಯ ಮುಂದೆ ಈಗ ನಾನೇ ಕೂರುತ್ತೇನೆ, ಪುರುಸೊತ್ತಿಲ್ಲ.

ಮೊನ್ನೆ ಮಂಗಳವಾರ, ಹೇಳಿದಂತೆ ಆರು ವಾರಕ್ಕೆ ಸರಿಯಾಗಿ, ಅಧಿಕಾರಿ ಕೇಂದ್ರಕ್ಕೆ ಹೋಗಿ ಮೇಲಿನ ತಕ್ಕಡಿಯನ್ನು ಹೊತ್ತುಕೊಂಡು ಹೋದರಂತೆ. ಕಿಲೋ ಲೆಕ್ಕದಲ್ಲಿ ದರ ಹಾಕಬಾರದೆಂದು ಬರೆಸಿಕೊಂಡರಂತೆ. ಹಾಗಾಗಿ ಅಚ್ಚಾದ ಕಾರ್ಡು, ದರಪಟ್ಟಿ ಎಲ್ಲವೂ ರದ್ದು. ಅವನ್ನು ಇವತ್ತು ಗಾಡಿಯಲ್ಲಿ ಹೇರಿಕೊಂಡು ಬಂದದ್ದು ಸ್ವತಃ ಸಕ್ಕರೆ ಮೇಡಂ. ಬಿಸಿಲಿಗೆ ಮುಖ ಕೆಂಪಾಗಿತ್ತು. ಊರಲ್ಲಿ ಇನ್ನೂ ಎರಡು ರದ್ದಿ ಅಂಗಡಿಯಿವೆ, ಅಲ್ಲಿ ವಿಚಾರಿಸಿ ಆಮೇಲೆ ಹೇಳುತ್ತೇನೆ ಅಂದಳು.

ಕುರ್ಚಿ ಹಾಕಿ ಕೂರಿಸಿದೆ. ನೀರು ಕೊಟ್ಟೆ. ಕುಡಿದಳು.

"ವಿಚಾರಿಸಿ ಮೇಡಂ, ಬೇಡ ಅನ್ನಲ್ಲ. ಆದ್ರೆ ಕಿಲೋಗೆ ಹನ್ನೆರಡೂವರೆ ಇವತ್ತು ಮಾತ್ರ. ಒಂದು ಗಂಟೆ ಆದ್ಮೇಲೆ ಹನ್ನೊಂದಕ್ಕೆ ಇಳಿಯತ್ತೆ. ನಿಮ್ಮ ಮುಖ ನೋಡಿ ಹೇಳ್ತಿದೀನಿ, ನೀವು ನಮ್ಮಕ್ಕನ ಹಾಗೇ ಇದೀರಿ."

ಒಳಗಿನಿಂದ ಮಾವ ಇಣುಕಿ, "ಗೋಡೌನಲ್ಲಿ ಇನ್ನೊಂದೇ ಕಟ್ಟಿಗೆ ಜಾಗ ಇರೋದು" ಅಂದರು. ನಾನು ಹೇಳಿಕೊಟ್ಟಿರಲಿಲ್ಲ.

ಸಕ್ಕರೆ ಮೇಡಂ ನನ್ನನ್ನು ನೋಡಿ ನಕ್ಕಳು. ಯಾಕೆ ನಕ್ಕಳೋ. "ತೂಗಮ್ಮ" ಅಂದಳು.

ತಕ್ಕಡಿ ಸುಳ್ಳು ಹೇಳುವುದಿಲ್ಲ. ಎಲ್ಲರಿಗೂ ಕಾಣುವ ಹಾಗೆ ಅಂಕಿ ಮಿನುಗಿತು, ಅರವತ್ತೆರಡು. ಚೀಟಿಯಲ್ಲಿ ಅರವತ್ತು ಎಂದು ಬರೆದು ಹಣ ಎಣಿಸಿ ಕೊಟ್ಟೆ. ಮೂವತ್ತಕ್ಕೊಂದು, ರೂಢಿಯಂತೆ. ಕೊಟ್ಟ ಮಾತು ಅತ್ತೆಯದು, ಅತ್ತೆ ಅದಕ್ಕೆ ಇವತ್ತಿಗೂ ತಪ್ಪಿಲ್ಲ. ಹುರಿ ಬಿಗಿಯುತ್ತಿದ್ದವರು ತಲೆಯೆತ್ತಿ ನನ್ನನ್ನೊಮ್ಮೆ, ಬಾಗಿಲಲ್ಲಿದ್ದ ದೊಡ್ಡಪ್ಪನನ್ನೊಮ್ಮೆ ನೋಡಿ, ಮಾವನ ಹಾಗೆಯೇ ಕೆಮ್ಮಿದರು. ಇಬ್ಬರಿಗೂ ಕಾಗದದ ಧೂಳು ಆಗಿಬರುತ್ತಿಲ್ಲವೋ ಏನೋ, ಔಷಧಿ ತರಬೇಕು.

ಕಟ್ಟು ಅಚ್ಚಿನಿಂದ ಬಂದ ಹಾಗೇ ಗರಿಗರಿಯಾಗಿ ಒಣಗಿತ್ತು. ಅವಳು ಕೇಳಲಿಲ್ಲ.